ಹಾದುಹೋಗುವ ಗಾಡಿಗಳ ಚಿತ್ರ ನಮಗೇಕೆ ಬೇಕು?

ಶಾಲೆಯೊಂದರ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ರೈಲುಗಾಡಿಗಳ ಛಾಯಾಚಿತ್ರದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಗುರುಗಳ ಸ್ಮರಣೆ, ದಾನಿಗಳ ಸ್ಮರಣೆ, ಗಡಿನಾಡಿನಲ್ಲಿ ಕನ್ನಡ ಶಾಲೆಯನ್ನು ಉಳಿಸಿಕೊಂಡು ಬಂದ ಕಷ್ಟದ ಕಥೆ, ಇವು ಇಂತಹ ಸಂಚಿಕೆಗೆ ಸಹಜವಾದ ವಿಷಯಗಳು. ಅವುಗಳನ್ನು ಬರೆಯಲು ನನಗಿಂತ ಅರ್ಹರಾದವರು ಇದ್ದಾರೆ. ನಾನು ಹೇಳಹೊರಟಿರುವುದು ನಮ್ಮ ಕಣ್ಣೆದುರಿಗೇ ದಿನವಿಡೀ ಹಾದುಹೋಗುತ್ತಿದ್ದರೂ ನಮ್ಮ ದಾಖಲೆಯಲ್ಲಿ ಎಲ್ಲಿಯೂ ಇಲ್ಲದ ಒಂದು ಸಂಗತಿಯನ್ನು ಕುರಿತು.

ಈ ಸಂಚಿಕೆಗಾಗಿ ಹಳೆಯ ಭಾವಚಿತ್ರಗಳನ್ನು ಕಲೆಹಾಕುವ ಕೆಲಸ ನಡೆದಾಗ ಹಲವು ಮನೆಗಳಿಂದ ಚಿತ್ರಗಳು ಬಂದವು. ಅವುಗಳಲ್ಲಿ ಶಾಲೆಯ ಪ್ರವಾಸದ ಚಿತ್ರಗಳೂ ಇದ್ದವು. ವಿಜಾಪುರದ ಗೋಳಗುಮ್ಮಟದ ಎದುರು ಸಾಲಾಗಿ ನಿಂತ ಮಕ್ಕಳು, ನಡುವೆ ಕುರ್ಚಿಯ ಮೇಲೆ ಗುರುಗಳು. ಗುಮ್ಮಟ ಅಂದು ಹೇಗಿತ್ತೋ ಇಂದೂ ಹಾಗೆಯೇ ಇದೆ. ಆದರೆ ಹೊಟಗಿಯಿಂದ ನಮ್ಮನ್ನು ವಿಜಾಪುರಕ್ಕೆ ಕರೆದೊಯ್ದ ಮೀಟರ್‌ಗೇಜಿನ ಪುಟ್ಟ ಗಾಡಿ ಈಗ ಇಲ್ಲ. ಅದರ ಒಂದು ಚಿತ್ರವೂ ಬಂದ ರಾಶಿಯಲ್ಲಿ ಇರಲಿಲ್ಲ. ಶತಮಾನಗಳಿಂದ ನಿಂತಿರುವುದನ್ನು ಎಲ್ಲರೂ ತೆಗೆದರು. ಮರುದಿನ ಇಲ್ಲವಾಗಬಹುದಾದುದನ್ನು ಯಾರೂ ತೆಗೆಯಲಿಲ್ಲ. ಇದಕ್ಕೆ ಯಾರನ್ನೂ ದೂರುವಂತಿಲ್ಲ. ಅಂದಿನ ಕ್ಲಿಕ್ ಕ್ಯಾಮೆರಾದ ಒಂದು ರೋಲಿನಲ್ಲಿ ಬರುತ್ತಿದ್ದುದು ಹನ್ನೆರಡೇ ಚಿತ್ರ. ಹನ್ನೆರಡರಲ್ಲಿ ಒಂದನ್ನು ರೈಲುಗಾಡಿಗೆ ವ್ಯಯಿಸಲು ಯಾವ ಮಾಸ್ತರರಿಗೆ ಮನಸ್ಸು ಬಂದೀತು? ಇಂದು ಆ ಬಡತನವಿಲ್ಲ. ಆದರೂ ಆ ಕೊರತೆ ಹಾಗೆಯೇ ಉಳಿದಿದೆ ಎಂಬುದೇ ನನ್ನ ಕಳವಳ.

ನಮ್ಮ ಊರುಗಳ ಮಗ್ಗುಲಲ್ಲಿ ಹಾದುಹೋಗುವ ಹಳಿ ಸಾಮಾನ್ಯವಾದುದಲ್ಲ. ಮುಂಬಯಿಯನ್ನೂ ಚೆನ್ನೈಯನ್ನೂ ಬೆಸೆಯುವ ಹೆದ್ದಾರಿ ಅದು. ಜಿ.ಐ.ಪಿ. ರೈಲ್ವೆಯ ಹಳಿ ಮುಂಬಯಿಯಿಂದ 455 ಕಿಲೊಮೀಟರು ದೂರದ ಸೊಲ್ಲಾಪುರಕ್ಕೆ 1860ರಲ್ಲಿ ಬಂತು. ಅಲ್ಲಿಂದ ಮುಂದೆ ಅಕ್ಕಲಕೋಟ ಸಂಸ್ಥಾನದ ಸೀಮೆಯನ್ನು ಹಾಯ್ದು, ನಿಜಾಮರ ನಾಡನ್ನು ಹೊಕ್ಕು, 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಕಡೆಯಿಂದ ಬಂದ ಹಳಿಯನ್ನು ಕೂಡಿಕೊಂಡಿತು. ಇಂದು ನಾವು ಗಡಿ ಎಂದು ಕರೆಯುವ ಗೆರೆ ಬಿದ್ದದ್ದು 1956ರಲ್ಲಿ. ಅಂದರೆ ಹಳಿಗೆ ಆಗಲೇ ಎಂಬತ್ತೈದು ವರ್ಷ ವಯಸ್ಸಾಗಿತ್ತು. ತಿಲಾಟಿ, ಅಕ್ಕಲಕೋಟ ರೋಡ್, ನಾಗಣಸೂರ, ಬೋರೋಟಿ, ದುಧನಿ, ಮುಂದೆ ಗಾಣಗಾಪುರ ರೋಡ್, ಕಲಬುರಗಿ ಎಂದು ಈ ನಿಲ್ದಾಣಗಳ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವವರಿಗೆ ನಡುವೆ ರಾಜ್ಯ ಬದಲಾದುದು ಹೊಳೆಯುವುದೂ ಇಲ್ಲ. ಗಡಿಯ ಎರಡೂ ಬದಿಯ ಕನ್ನಡಿಗರನ್ನು ಮದುವೆಗೆ, ಸಂತೆಗೆ, ಜಾತ್ರೆಗೆ, ದವಾಖಾನೆಗೆ ಒಯ್ದು ತಂದ ಹಳಿ ಇದು. ನಮ್ಮ ಸಾಮಾಜಿಕ ಇತಿಹಾಸವನ್ನು ಬರೆಯುವವರು ಈ ಹಳಿಯನ್ನು ಬಿಟ್ಟು ಬರೆಯಲಾರರು.

ಸೊಲ್ಲಾಪುರ ಜಿಲ್ಲೆಗೆ ಇನ್ನೊಂದು ಹೆಗ್ಗಳಿಕೆಯೂ ಇತ್ತು. ಮೂರು ಅಳತೆಯ ಹಳಿಗಳು ಇಲ್ಲಿ ಒಟ್ಟಿಗೆ ಬಾಳಿದವು. ಮುಖ್ಯ ಮಾರ್ಗ 1676 ಮಿಲಿಮೀಟರಿನ ಬ್ರಾಡ್‌ಗೇಜ್. ಹೊಟಗಿಯಿಂದ ವಿಜಾಪುರ, ಬಾಗಲಕೋಟೆಗಳ ಮೇಲೆ ಗದಗಿಗೆ ಹೋಗುತ್ತಿದ್ದುದು 1884ರಲ್ಲಿ ತೆರೆದ, ಒಂದು ಮೀಟರು ಅಗಲದ ಹಳಿ. ಕುರ್ಡುವಾಡಿಯಲ್ಲಿ ಕೂಡುತ್ತಿದ್ದುದು 762 ಮಿಲಿಮೀಟರಿನ ಬಾರ್ಶಿ ಲೈಟ್ ರೈಲ್ವೆ. ಪಂಢರಪುರದ ಯಾತ್ರಿಕರನ್ನು ತುಂಬಿಕೊಂಡು ಓಡುತ್ತಿದ್ದ ಸಣ್ಣ ಗಾಡಿ ಅದು. ಈ ಶತಮಾನದ ಆರಂಭದ ವರ್ಷಗಳಲ್ಲಿ ಕಿರಿಯ ಹಳಿಗಳೆರಡೂ ಹಂತ ಹಂತವಾಗಿ ಬ್ರಾಡ್‌ಗೇಜಿಗೆ ಬದಲಾದವು. ಇದು ಆಗಬೇಕಾಗಿದ್ದ ಬದಲಾವಣೆಯೇ. ಹೊಟಗಿಯಲ್ಲಿ ಇಳಿದು, ಗಂಟುಮೂಟೆ ಹೊತ್ತು, ಮಕ್ಕಳ ಕೈಹಿಡಿದು ಗಾಡಿ ಬದಲಿಸಿದವರು ಯಾರೂ ಮೀಟರ್‌ಗೇಜ್ ಮರಳಿ ಬರಲೆಂದು ಕೋರಲಾರರು. ಆದರೆ ಹೋದುದರ ಚಿತ್ರವಾದರೂ ಊರಿನವರ ಕೈಯಲ್ಲಿ ಇರಬೇಡವೇ? ಉಗಿಯಂತ್ರದ ಕೊನೆಯ ದಶಕಗಳಲ್ಲಿ ಇಂಗ್ಲೆಂಡ್, ಜರ್ಮನಿಗಳಿಂದ ಹವ್ಯಾಸಿಗಳು ಕ್ಯಾಮೆರಾ ಹೊತ್ತು ಭಾರತಕ್ಕೆ ಬಂದು ನಮ್ಮ ಗಾಡಿಗಳನ್ನು ತೆಗೆದುಕೊಂಡು ಹೋದರು. ಅವರ ಶ್ರದ್ಧೆಗೆ ನಾವು ಋಣಿಗಳು. ಆದರೂ ಅವರು ಕಂಡದ್ದು ಎಂಜಿನ್ನು. ಅದರ ಹಿಂದಿನ ಡಬ್ಬಿಯಲ್ಲಿ ಕುಳಿತವರ ಊರು, ಭಾಷೆ, ಹೊತ್ತ ಹೊರೆ ಅವರಿಗೆ ತಿಳಿಯುವಂತಿರಲಿಲ್ಲ. ಅದನ್ನು ತಿಳಿದವರು ನಾವು, ತೆಗೆಯದವರೂ ನಾವು.

ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ, ದಿನಕ್ಕೆ ಸಾವಿರ ಚಿತ್ರ ತೆಗೆಯುತ್ತಾರೆ, ಇನ್ನು ಕೊರತೆ ಯಾವುದು ಎಂದು ಕೇಳುವವರುಂಟು. ಕೊರತೆ ಎರಡು ಬಗೆಯದು. ಮೊದಲನೆಯದು, ತೆಗೆಯುವುದು ಯಾವುದನ್ನು ಎಂಬುದು. 2023ರ ಫೆಬ್ರುವರಿ 10ರಂದು ಮುಂಬಯಿ–ಸೊಲ್ಲಾಪುರ ವಂದೇ ಭಾರತ್ ಆರಂಭವಾದಾಗ ಹಳಿಯುದ್ದಕ್ಕೂ ಎತ್ತಿ ಹಿಡಿದ ಮೊಬೈಲುಗಳೇ. ಮರುವರ್ಷ ಕಲಬುರಗಿ–ಬೆಂಗಳೂರು ವಂದೇ ಭಾರತ್ ಬಂದಾಗಲೂ ಹಾಗೆಯೇ. ಅದು ತಪ್ಪಲ್ಲ, ಹೊಸದನ್ನು ಕಂಡು ಸಂತೋಷಪಡುವುದು ಮನುಷ್ಯಸಹಜ. ಆದರೆ ಅದೇ ಹಳಿಯ ಮೇಲೆ ಹಗಲುರಾತ್ರಿ ಎನ್ನದೆ ಓಡುವ ಮಾಲಗಾಡಿಯತ್ತ ಯಾರೂ ಮೊಬೈಲು ಎತ್ತುವುದಿಲ್ಲ. ಫಾಟಕದಲ್ಲಿ ನಮ್ಮನ್ನು ಕಾಯಿಸುವ ಪೀಡೆ ಎಂದಷ್ಟೇ ಅದರ ಪರಿಚಯ.

ಮಾಲಗಾಡಿಯನ್ನು ಓದಲು ಬಂದರೆ ಅದೊಂದು ಭೂಗೋಳದ ಪಾಠ. ಮೇಲ್ಭಾಗ ತೆರೆದ, ಎತ್ತರದ ಗೋಡೆಯ ಡಬ್ಬಿಗಳಿದ್ದರೆ ಅದು ಬಹುಮಟ್ಟಿಗೆ ಕಲ್ಲಿದ್ದಲು. ಅಂತಹ 58 ಡಬ್ಬಿಗಳ ಒಂದು ಗಾಡಿಯ ಉದ್ದ 600 ಮೀಟರಿಗೂ ಹೆಚ್ಚು; ಹೊರುವ ಭಾರ ಮೂರೂವರೆ ಸಾವಿರ ಟನ್ನಿಗೂ ಮಿಗಿಲು. ಸೊಲ್ಲಾಪುರದ ಬಳಿ ಎನ್.ಟಿ.ಪಿ.ಸಿ. ಸಂಸ್ಥೆಯ 1320 ಮೆಗಾವಾಟ್ ಸಾಮರ್ಥ್ಯದ ವಿದ್ಯುತ್ ಸ್ಥಾವರ ನೆಲೆಗೊಂಡ ಮೇಲೆ ಈ ಕಪ್ಪು ಸರಕಿನ ಓಡಾಟ ನಮ್ಮ ದಿನಚರಿಯ ಭಾಗವಾಗಿದೆ. ಮುಚ್ಚಿದ ಡಬ್ಬಿಗಳಾದರೆ ಸಿಮೆಂಟ್, ರಸಗೊಬ್ಬರ, ಸಕ್ಕರೆ ಅಥವಾ ಧಾನ್ಯ. ವಾಡಿಯ ಕಡೆಯ ಸುಣ್ಣಕಲ್ಲಿನ ನೆಲದಿಂದ ಸಿಮೆಂಟು ಹೀಗೆಯೇ ಹೊರಡುತ್ತದೆ. ದುಂಡನೆಯ ಟಾಕಿಗಳ ಸಾಲಾದರೆ ಸೊಲ್ಲಾಪುರದಾಚೆಯ ಪಾಕಣಿಯ ಡಿಪೊಗೆ ಬರುವ ಅಥವಾ ಅಲ್ಲಿಂದ ಬರಿದಾಗಿ ಮರಳುವ ತೈಲದ ಗಾಡಿ ಇರಬಹುದು. ಯಾವ ತಿಂಗಳಲ್ಲಿ ಯಾವ ಸರಕು ಯಾವ ದಿಕ್ಕಿಗೆ ಹೋಯಿತು ಎಂಬುದನ್ನು ಚಿತ್ರದ ಸಮೇತ ಹತ್ತು ವರ್ಷ ಬರೆದಿಟ್ಟರೆ ಅದು ಈ ಸೀಮೆಯ ಆರ್ಥಿಕ ಇತಿಹಾಸವೇ ಆದೀತು. 2020ರ ಮಾರ್ಚ್ ಕೊನೆಯ ವಾರದಲ್ಲಿ ಪ್ರಯಾಣಿಕರ ಗಾಡಿಗಳೆಲ್ಲ ನಿಂತಾಗ ನಿಲ್ಲದೆ ಓಡಿದುದು ಈ ಮಾಲಗಾಡಿಯೇ. ಮನೆಯ ಒಲೆ ಉರಿದುದು, ಬಲ್ಬು ಬೆಳಗಿದುದು ಅದರಿಂದ. ಅಂದು ಆ ಗಾಡಿಯನ್ನು ನಡೆಸಿದವರ, ಸುಡುಬಿಸಿಲಿನಲ್ಲಿ ಹಳಿ ಕಾಯ್ದವರ ಚಿತ್ರ ನಮ್ಮ ಊರಿನ ಎಷ್ಟು ಮನೆಗಳಲ್ಲಿದೆ?

ಎರಡನೆಯ ಕೊರತೆ ಹೆಚ್ಚು ಗಂಭೀರವಾದುದು. ದಿನಾಂಕವಿಲ್ಲದ, ಸ್ಥಳವಿಲ್ಲದ, ವಿವರವಿಲ್ಲದ ಚಿತ್ರ ನೋಟಕ್ಕೆ ಚೆನ್ನಾಗಿರಬಹುದು, ಸಾಕ್ಷ್ಯವಾಗಲಾರದು. ಚಿತ್ರದ ಒಳಗೇ ಕೆಲವೊಮ್ಮೆ ಕಾಲದ ಗುರುತು ಸಿಕ್ಕುತ್ತದೆ. ನಿಲ್ದಾಣದ ಫಲಕದಲ್ಲಿ ಗುಲ್ಬರ್ಗಾ ಎಂದಿದ್ದರೆ ಅದು 2014ರ ನವೆಂಬರಿನಲ್ಲಿ ಕಲಬುರಗಿ ಎಂಬ ಹೆಸರನ್ನು ಅಂಗೀಕರಿಸುವುದಕ್ಕಿಂತ ಹಿಂದಿನದು ಎಂದು ಊಹಿಸಬಹುದು. ಹಳಿಯ ಮೇಲೆ ವಿದ್ಯುತ್ ತಂತಿ ಇಲ್ಲದಿದ್ದರೆ ಡೀಸೆಲ್ ಕಾಲದ್ದು ಎನ್ನಬಹುದು. ಮುಂಬಯಿ–ಚೆನ್ನೈ ಮಾರ್ಗದ ಜೋಡಿಹಳಿ ಮತ್ತು ವಿದ್ಯುದೀಕರಣದ ಉಳಿದ ಭಾಗ ಸೊಲ್ಲಾಪುರ ವಿಭಾಗದಲ್ಲಿ ಮುಗಿದದ್ದು 2022ರಲ್ಲಿ. ಡಬ್ಬಿಯ ಬಣ್ಣ ಗಾಢ ಕೆಂಪಿನಿಂದ ನೀಲಿಗೆ, ನೀಲಿಯಿಂದ ಹೊಸ ಮಾದರಿಯ ಕೆಂಪಿಗೆ ಬದಲಾದುದೂ ಒಂದು ಗುರುತು. ಮಾಲಗಾಡಿಯ ಕೊನೆಯಲ್ಲಿ ಹಸಿರು ಬಾವುಟ ಬೀಸುತ್ತಿದ್ದ ಗಾರ್ಡರ ಹುದ್ದೆಯ ಹೆಸರು 2022ರಲ್ಲಿ ಟ್ರೇನ್ ಮ್ಯಾನೇಜರ್ ಎಂದಾಯಿತು. ಆದರೆ ಹೀಗೆ ಊಹಿಸುವ ಶ್ರಮವನ್ನು ಮುಂದಿನವರ ಮೇಲೆ ಹೊರಿಸುವುದೇಕೆ? ತೆಗೆದ ದಿನವೇ ಎರಡು ಸಾಲು ಬರೆದರೆ ಮುಗಿಯಿತು.

ಇಲ್ಲಿಗೆ ನಮ್ಮ ಕನ್ನಡದ ಮಾತು ಬರುತ್ತದೆ. ಗಡಿನಾಡಿನ ನಾವು ಕನ್ನಡವನ್ನು ಅಭಿಮಾನದ ಭಾಷೆಯಾಗಿ ಉಳಿಸಿಕೊಂಡಿದ್ದೇವೆ. ರಾಜ್ಯೋತ್ಸವದ ದಿನ ಹಾಡುತ್ತೇವೆ, ಭಾಷಣ ಮಾಡುತ್ತೇವೆ, ಕಣ್ಣೀರನ್ನೂ ತಂದುಕೊಳ್ಳುತ್ತೇವೆ. ಆದರೆ ಕಣ್ಣಿಗೆ ಕಂಡದ್ದನ್ನು ಕಂಡಂತೆ, ಹೆಚ್ಚುಕಡಮೆಯಿಲ್ಲದೆ, ನಾಲ್ಕು ವಾಕ್ಯಗಳಲ್ಲಿ ಬರೆಯುವ ಕನ್ನಡ ನಮ್ಮ ಮಕ್ಕಳಿಗೆ ಎಷ್ಟು ಬರುತ್ತದೆ? ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಮುಂದಿನ ಓದಿಗೆ ಇಂಗ್ಲಿಷ್ ಎಂಬ ಹಂಚಿಕೆಯಲ್ಲಿ ಅವಲೋಕನದ ಭಾಷೆ ಕನ್ನಡವಾಗುವ ಅವಕಾಶವೇ ಅವರಿಗೆ ಒದಗುತ್ತಿಲ್ಲ. ರೈಲಿನ ಚಿತ್ರಕ್ಕೆ ಕನ್ನಡದಲ್ಲಿ ವಿವರ ಬರೆಯುವುದು ಅದಕ್ಕೊಂದು ಸುಲಭವಾದ, ಮಕ್ಕಳಿಗೆ ಪ್ರಿಯವಾದ ದಾರಿ. ಬೆಂಗಳೂರಿನ ಕಡೆಯಿಂದ ಬರುವ ಗಾಡಿಗಳ ಡಬ್ಬಿಯ ಮೇಲಿನ ಫಲಕದಲ್ಲಿ ಕನ್ನಡದ ಅಕ್ಷರಗಳಿರುತ್ತವೆ. ಆಗತಾನೆ ಅಕ್ಷರ ಕೂಡಿಸಲು ಕಲಿತ ಮಗು ಪ್ಲಾಟ್‌ಫಾರ್ಮಿನ ಮೇಲೆ ನಿಂತು ಆ ಫಲಕವನ್ನು ತಡವರಿಸುತ್ತ ಓದುವಾಗ, ತಾನು ಶಾಲೆಯಲ್ಲಿ ಕಲಿತ ಲಿಪಿ ಲೋಕದಲ್ಲಿ ಓಡಾಡುತ್ತಿದೆ ಎಂಬ ಅರಿವು ಅದಕ್ಕೆ ಮೂಡುತ್ತದೆ. ನೂರು ಭಾಷಣಗಳಿಗಿಂತ ಇದು ಮಿಗಿಲು ಎಂಬುದು ನನ್ನ ನಂಬಿಕೆ.

ಚಿತ್ರ ತೆಗೆಯುವ ಬಗೆಯನ್ನು ಕುರಿತು ಒಂದೆರಡು ಮಾತು. ನಮ್ಮ ಭಾಗದಲ್ಲಿ ಹಳಿ ಸುಮಾರಾಗಿ ಪಶ್ಚಿಮ–ವಾಯವ್ಯದಿಂದ ಪೂರ್ವ–ಆಗ್ನೇಯಕ್ಕೆ ಸಾಗುತ್ತದೆ. ಆದ್ದರಿಂದ ಬೆಳಗಿನ ಹೊತ್ತು ಕಲಬುರಗಿಯತ್ತ ಹೋಗುವ ಗಾಡಿಯ ಮುಖಕ್ಕೆ ಬಿಸಿಲು ಬೀಳುತ್ತದೆ. ಸಂಜೆ ಸೊಲ್ಲಾಪುರದತ್ತ ಹೋಗುವ ಗಾಡಿಗೆ. ವರ್ಷದ ಹೆಚ್ಚು ಕಾಲ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಹಳಿಯ ದಕ್ಷಿಣದ ಬದಿಯಲ್ಲಿ ನಿಂತರೆ ಬೆಳಕು ಬೆನ್ನಿಗಿರುತ್ತದೆ. ಗಂಟೆಗೆ 110 ಕಿಲೊಮೀಟರು ವೇಗದ ಗಾಡಿ ಒಂದು ಸೆಕೆಂಡಿಗೆ ಮೂವತ್ತು ಮೀಟರು ಮುಂದೆ ಹೋಗಿರುತ್ತದೆ. ಸೆಕೆಂಡಿನ ಐವತ್ತನೆಯ ಒಂದು ಭಾಗದ ಹಳೆಯ ಶಟರಿನಲ್ಲಿ ಅದು ಎರಡು ಅಡಿ ಸರಿದು ಚಿತ್ರ ಕಲಸಿಹೋಗುತ್ತಿತ್ತು. ಸಾವಿರದ ಒಂದು ಭಾಗದಲ್ಲಾದರೆ ಸರಿಯುವುದು ಮೂರೇ ಸೆಂಟಿಮೀಟರು. ಗಣಿತದ ಗುರುಗಳು ಇದನ್ನೇ ಒಂದು ಲೆಕ್ಕವಾಗಿ ಕೊಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಗಾಡಿಯನ್ನಷ್ಟೇ ತುಂಬಿಕೊಳ್ಳದೆ ಸುತ್ತಣ ನೆಲಕ್ಕೂ ಚಿತ್ರದಲ್ಲಿ ಜಾಗ ಬಿಡಬೇಕು. ಎರೆಭೂಮಿಯ ಹಿಂಗಾರಿ ಜೋಳ ತೆನೆ ಹಿಡಿದು ನಿಂತಿದೆಯೇ, ತೊಗರಿ ಹೂವಾಗಿದೆಯೇ, ಬರದಿಂದ ನೆಲ ಬಿರಿದಿದೆಯೇ ಎಂಬುದು ಕಾಣಬೇಕು. ಎಂಜಿನ್ನು ದೇಶದಲ್ಲೆಲ್ಲ ಒಂದೇ ಬಗೆಯದು. ಅದರ ಹಿಂದಿನ ಹೊಲ ಮಾತ್ರ ನಮ್ಮದು.

ಈ ಹವ್ಯಾಸವನ್ನು ಪ್ರೋತ್ಸಾಹಿಸಿದರೆ ಮಕ್ಕಳು ಹಳಿಯ ಮೇಲೆ ಹೋಗಿ ಪ್ರಾಣಕ್ಕೆ ಎರವಾದಾರು ಎಂಬ ಪಾಲಕರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಓಡುವ ಗಾಡಿಯ ಮುಂದೆ ಸೆಲ್ಫಿ ತೆಗೆಯಹೋಗಿ ಸತ್ತವರ, ನಿಂತ ಮಾಲಗಾಡಿಯ ಮೇಲೇರಿ ಸುಟ್ಟುಹೋದವರ ಸುದ್ದಿ ದೇಶದ ಎಲ್ಲ ಕಡೆಯಿಂದಲೂ ಬಂದಿದೆ. ಹಳಿಯ ಮೇಲಿನ ತಂತಿಯಲ್ಲಿ ಹರಿಯುವುದು 25,000 ವೋಲ್ಟ್ ವಿದ್ಯುತ್ತು. ಅದನ್ನು ಮುಟ್ಟಬೇಕಾಗಿಲ್ಲ, ಸಮೀಪಕ್ಕೆ ಹೋದರೂ ಅದು ಜಿಗಿದು ಕೊಲ್ಲಬಲ್ಲದು. ಡೀಸೆಲ್ ಎಂಜಿನ್ನಿನ ಗದ್ದಲ ಮೈಲಿ ದೂರದಿಂದ ಎಚ್ಚರಿಸುತ್ತಿತ್ತು; ವಿದ್ಯುತ್ ಎಂಜಿನ್ನಿನ ಹೊಸ ಗಾಡಿ ಸದ್ದಿಲ್ಲದೆ ಬಂದು ಬಿಡುತ್ತದೆ. ಜೋಡಿಹಳಿಯಾದ ಮೇಲೆ ಒಂದು ಗಾಡಿಯನ್ನು ನೋಡುತ್ತ ನಿಂತವನ ಬೆನ್ನ ಹಿಂದೆ ಇನ್ನೊಂದು ಬರುವ ಅಪಾಯವೂ ಸೇರಿದೆ. ಅಪ್ಪಣೆಯಿಲ್ಲದೆ ರೈಲ್ವೆಯ ಆವರಣವನ್ನು ಹೊಗುವುದು 1989ರ ರೈಲ್ವೆ ಅಧಿನಿಯಮದ 147ನೆಯ ಕಲಮಿನಂತೆ ಅಪರಾಧವೂ ಹೌದು.

ಆದರೆ ಇದಕ್ಕೆ ನಿಷೇಧವೇ ಮದ್ದೆಂದು ನನಗೆ ತೋರುವುದಿಲ್ಲ. ನಿಷೇಧಿಸಿದರೆ ಮಕ್ಕಳು ತೆಗೆಯುವುದನ್ನು ಬಿಡುವುದಿಲ್ಲ, ನಮಗೆ ಹೇಳುವುದನ್ನು ಬಿಡುತ್ತಾರೆ. ಅವಿವೇಕದಿಂದ ಹಳಿಯ ಮೇಲೆ ನಿಲ್ಲುವ ಹುಡುಗನಿಗೆ ಬೇಕಾಗಿರುವುದು ತನ್ನ ಮುಖದ ಚಿತ್ರ, ಗಾಡಿಯದಲ್ಲ. ಗಾಡಿಯ ಒಳ್ಳೆಯ ಚಿತ್ರ ಬೇಕೆನ್ನುವವನು ತಾನಾಗಿಯೇ ದೂರ ನಿಲ್ಲುತ್ತಾನೆ. ದೂರದಿಂದಲ್ಲದೆ ಇಡೀ ಗಾಡಿ ಚೌಕಟ್ಟಿನಲ್ಲಿ ಹಿಡಿಸುವುದೇ ಇಲ್ಲ. ಊರಿನ ರಸ್ತೆಯ ಮೇಲ್ಸೇತುವೆ, ಮುಚ್ಚಿದ ಫಾಟಕದ ಈಚೆ, ಹೊಲದ ಬದು, ಪ್ಲಾಟ್‌ಫಾರ್ಮಿನ ಹಳದಿ ಗೆರೆಯಿಂದ ಸಾಕಷ್ಟು ಒಳಗೆ, ಇಷ್ಟು ಸ್ಥಳಗಳು ಸಾಕು. ಗುರುಗಳೊಬ್ಬರು ಜೊತೆಗಿರಬೇಕು, ನಿಲ್ದಾಣದಲ್ಲಾದರೆ ಸ್ಟೇಷನ್ ಮಾಸ್ತರರನ್ನು ಕೇಳಿಯೇ ತೆಗೆಯಬೇಕು. ಸರಿಯಾದ ಅಭ್ಯಾಸವನ್ನು ಕಲಿಸುವುದೇ ಕೆಟ್ಟ ಅಭ್ಯಾಸಕ್ಕೆ ಇರುವ ತಡೆ.

ರೈಲ್ವೆಯವರೇ ತಮ್ಮ ಇತಿಹಾಸವನ್ನು ಕಾಪಾಡುತ್ತಾರೆ, ಅದು ನಮ್ಮ ಕೆಲಸವೇ ಎಂಬ ವಾದವೂ ಉಂಟು. ದಿಲ್ಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯವನ್ನು ನೋಡಿದವರಿಗೆ ಅಲ್ಲಿನ ಎಂಜಿನ್ನುಗಳ ಭವ್ಯತೆ ತಿಳಿದಿದೆ. ಆದರೆ ಬೋರೋಟಿಯಲ್ಲಿ ಯಾವ ಪ್ಯಾಸೆಂಜರು ನಿಲ್ಲುತ್ತಿತ್ತು, ಅದರಿಂದ ಹಾಲಿನ ಕ್ಯಾನುಗಳೊಡನೆ ಯಾರು ಇಳಿಯುತ್ತಿದ್ದರು ಎಂಬುದನ್ನು ಯಾವ ಸಂಗ್ರಹಾಲಯವೂ ಬರೆದಿಡುವುದಿಲ್ಲ. 2020ರ ಬಳಿಕ ದೇಶದಾದ್ಯಂತ ಹಲವು ಸಣ್ಣ ನಿಲ್ದಾಣಗಳ ನಿಲುಗಡೆಗಳು ರದ್ದಾದವು. ಅವುಗಳನ್ನು ಮರಳಿ ಕೇಳುವಾಗ, ಇಲ್ಲಿ ಇಷ್ಟು ಜನ ಹತ್ತಿ ಇಳಿಯುತ್ತಿದ್ದರು ಎಂದು ತೋರಿಸಲು ಊರಿನವರ ಕೈಯಲ್ಲಿ ದಿನಾಂಕ ಸಹಿತವಾದ ಹತ್ತು ಚಿತ್ರಗಳಿದ್ದರೆ ಮನವಿಗೆ ಎಷ್ಟು ಬಲ ಬರುತ್ತಿತ್ತು! ದಾಖಲೆಯಿಲ್ಲದವನ ಬೇಡಿಕೆ ಗೊಣಗಾಟವಾಗಿಯೇ ಉಳಿಯುತ್ತದೆ.

ಆದುದರಿಂದ ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಶಾಲೆಯ ಆಡಳಿತ ಮಂಡಳಿಗೂ ಹಳೆಯ ವಿದ್ಯಾರ್ಥಿ ಬಂಧುಗಳಿಗೂ ನನ್ನದೊಂದು ವಿನಂತಿ. ಶಾಲೆಯಲ್ಲಿ ಒಂದು ರೈಲು ಚಿತ್ರಸಂಪುಟ ಆರಂಭವಾಗಲಿ. ವರ್ಷಕ್ಕೆ ಸಾವಿರ ಚಿತ್ರ ಬೇಡ, ಇಪ್ಪತ್ತು ಸಾಕು. ಗೊತ್ತುಪಡಿಸಿದ ಐದು ಸ್ಥಳಗಳಿಂದ, ಮಳೆಗಾಲ, ಚಳಿಗಾಲ, ಬೇಸಿಗೆಗಳಲ್ಲಿ, ಪ್ರತಿವರ್ಷವೂ ಅದೇ ಜಾಗದಲ್ಲಿ ನಿಂತು ತೆಗೆಯಲಿ. ಪ್ರಯಾಣಿಕರ ಗಾಡಿಯಷ್ಟೇ ಮಾಲಗಾಡಿಯೂ ಇರಲಿ. ಹಳಿ ಕಾಯುವವರು, ಫಾಟಕದವರು, ಚಹಾ ಮಾರುವವರು ಅವರ ಒಪ್ಪಿಗೆ ಪಡೆದು ಸೇರಲಿ. ಪ್ರತಿ ಚಿತ್ರದ ಕೆಳಗೆ ದಿನಾಂಕ, ಹೊತ್ತು, ಸ್ಥಳ, ದಿಕ್ಕು, ಗಾಡಿಯ ಹೆಸರು ಅಥವಾ ಸರಕು ಎಂಬ ಐದು ವಿವರಗಳನ್ನೂ ತಾನು ಕಂಡ ಒಂದು ವಿಶೇಷವನ್ನೂ ಮಗು ತನ್ನದೇ ಕನ್ನಡದಲ್ಲಿ ಬರೆಯಲಿ. ಮೊಬೈಲಿನಲ್ಲೇ ಬಿಡದೆ ಕಾಗದದ ಮೇಲೆ ಮುದ್ರಿಸಿ ರಿಜಿಸ್ಟರಿನಲ್ಲಿ ಅಂಟಿಸಲಿ. ಮೊಬೈಲು ಮೂರು ವರ್ಷಕ್ಕೆ ಹಾಳಾಗುತ್ತದೆ, ಶಾಲೆಯ ಹಾಜರಿ ಪುಸ್ತಕ ಐವತ್ತು ವರ್ಷ ಉಳಿದಿದೆ. ಇದಕ್ಕೆ ತಗಲುವ ವೆಚ್ಚ ಒಂದು ಸನ್ಮಾನದ ಶಾಲು ಹಾರಗಳಿಗಿಂತ ಹೆಚ್ಚಾಗದು.

ಪುಣೆ, ಮುಂಬಯಿ, ಬೆಂಗಳೂರು, ಹೈದರಾಬಾದುಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳು ತಮ್ಮ ಹಿರಿಯರ ಟ್ರಂಕುಗಳನ್ನೊಮ್ಮೆ ತೆರೆದು ನೋಡಬೇಕು. ಯಾವುದೋ ಮದುವೆಯ ದಿಬ್ಬಣದ ಹಿಂದೆ, ಯಾರನ್ನೋ ಬೀಳ್ಕೊಡುವ ಚಿತ್ರದ ಅಂಚಿನಲ್ಲಿ, ಹೊಟಗಿಯ ಮೀಟರ್‌ಗೇಜ್ ಡಬ್ಬಿಯ ಒಂದು ಕಿಟಕಿಯಾದರೂ ಕಾಣಬಹುದು. ಅದನ್ನು ಶಾಲೆಗೆ ಕಳುಹಿಸಿ. ಪ್ರತಿ ಮಾಡಿಕೊಂಡು ಮೂಲವನ್ನು ಮರಳಿಸುವ ವ್ಯವಸ್ಥೆಯನ್ನು ಮಂಡಳಿ ಮಾಡಬೇಕು. ಚಿತ್ರದಲ್ಲಿರುವವರ ಹೆಸರನ್ನು ಹೇಳಬಲ್ಲ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಈ ಅವಕಾಶ ಶತಮಾನೋತ್ಸವದವರೆಗೆ ಕಾಯುವುದಿಲ್ಲ.

ಐವತ್ತು ವರ್ಷ ಗಡಿಯಂಚಿನಲ್ಲಿ ಕನ್ನಡದ ಹಣತೆಯನ್ನು ಆರದಂತೆ ಕಾಯ್ದ ಈ ಶಾಲೆಗೆ ನಾವು ಕೊಡಬಹುದಾದ ಕಾಣಿಕೆಗಳು ಹಲವು. ಕಂಡದ್ದನ್ನು ಕನ್ನಡದಲ್ಲಿ ಬರೆದಿಡುವ ಅಭ್ಯಾಸ ಅವುಗಳಲ್ಲಿ ಒಂದಾಗಲಿ. ಶಾಲೆಯ ಶತಮಾನೋತ್ಸವದ ಸಂಚಿಕೆಯನ್ನು ಸಿದ್ಧಪಡಿಸುವವರಿಗೆ ನಮ್ಮ ಕಾಲದ ಗಾಡಿಗಳ ಚಿತ್ರಕ್ಕಾಗಿ ಪರದಾಡುವ ಪ್ರಸಂಗ ಬಾರದಿರಲಿ ಎಂದು ಹಾರೈಸಿ, ಈ ಜ್ಞಾನದೇಗುಲಕ್ಕೆ ನಮಿಸುತ್ತೇನೆ.